ಮನೆ ಬಾಗಿಲಿಗೆ ಬರೋ ಹಳೇ ನಾಣ್ಯದ ವ್ಯಾಪಾರಿಗಳು: ದೊಡ್ಡಪ್ಪನ ಪೆಟ್ಟಿಗೆ ಕೊಡೋ ಮುಂಚೆ ಎಂತ ನೋಡಬೇಕು?

ಹುಲಿಕಲ್_ಮಳೆ:

ಹೊಸನಗರ ತಾಲ್ಲೂಕು, ನಗರ ಅನ್ನೋ ಊರಿನ ಹತ್ತಿರದ ಹಳ್ಳಿ. ದೊಡ್ಡಪ್ಪನಿಗೆ 81, ದೊಡ್ಡಮ್ಮನಿಗೆ 76. ಹಗಲು ಹೊತ್ತು ಮನೇಲಿ ಇಬ್ಬರೇ. ಬೈಕಲ್ಲಿ ಬಂದ ಇಬ್ಬರು ವ್ಯಾಪಾರಿಗಳು ಪೆಟ್ಟಿಗೆ ತೆಗೆಸಿ ನೋಡಿ, ಎಲ್ಲಾ ಸೇರಿ 60,000 ಅಂತ ಮಾತಾಡಿ, 2,000 ಮುಂಗಡ ಕೊಟ್ಟು ಹೋಗಿದ್ದಾರೆ. ಭಾನುವಾರ ಬಂದು ತಗೊಂಡು ಹೋಗ್ತಾರಂತೆ.

ಇರೋದು ಇಷ್ಟು. ವಿಕ್ಟೋರಿಯಾ ರಾಣಿ, ಎಡ್ವರ್ಡ್, ಐದನೇ ಜಾರ್ಜ್ ಇರೋ ಬೆಳ್ಳಿ ರೂಪಾಯಿ 84. ಆರನೇ ಜಾರ್ಜ್‌ನ 1940ರಿಂದ 45ರವರೆಗಿನ ರೂಪಾಯಿ 30. ಸವರನ್ ಅನ್ನೋ ಬ್ರಿಟಿಷ್ ಬಂಗಾರದ ನಾಣ್ಯ ಎರಡು, ಅದರಲ್ಲಿ ಒಂದಕ್ಕೆ ಸರಕ್ಕೆ ಪೋಣಿಸೋ ಕೊಂಡಿ ಬೆಸೆದಿದ್ದಾರೆ. ಹುಣಸೆ ಬೀಜದಷ್ಟು ಅಗಲದ, ದಪ್ಪನೆಯ ಬಂಗಾರದ ಬಿಲ್ಲೆ ಒಂದು, ಮೇಲೆ ಇಬ್ಬರು ಕೂತ ಹಾಗೆ ಚಿತ್ರ. ಆನೆ ಇರೋ ತಾಮ್ರದ ಕಾಸು ಒಂದು ಸೇರು. ಇದಲ್ಲದೆ ದೊಡ್ಡಪ್ಪ ಹೋದ ವರ್ಷ ಬೇರೆ ಯಾರ ಹತ್ತಿರವೋ 4,500 ಕೊಟ್ಟು ಕೊಂಡ, 1818 ಅಂತ ಬರೆದಿರೋ ರಾಮ ಪಟ್ಟಾಭಿಷೇಕದ ತಾಮ್ರದ ನಾಣ್ಯ.

ಅವರ ಲೆಕ್ಕ ಹೀಗಿದೆ: "114 ರೂಪಾಯಿ ಅಂದ್ರೆ 114 ತೊಲ, 1,140 ಗ್ರಾಂ. ಕಪ್ಪಾಗಿದೆ, ಮಿಶ್ರ ಬೆಳ್ಳಿ, 60 ಟಂಚ್." ಅಂದ್ರೆ ನೂರಕ್ಕೆ ಅರವತ್ತು ಪಾಲು ಮಾತ್ರ ಶುದ್ಧ ಬೆಳ್ಳಿ ಅಂತೆ. ಬಿಲ್ಲೆ ನಾಣ್ಯವೇ ಅಲ್ಲ, ತಾಯತದ್ದು ಅಂದ್ರಂತೆ. "ಇದೆಲ್ಲ ನಿಧಿ ಮಾಲು, ಪೊಲೀಸರಿಗೆ ಗೊತ್ತಾದ್ರೆ ನಿಮಗೇ ತೊಂದರೆ" ಅಂತಲೂ ಹೇಳಿದ್ದಾರೆ.

ಲೆಕ್ಕ ಸರಿ ಇದೆಯಾ? ಮನೇಲೇ ಎಂತ ಪರೀಕ್ಷೆ ಮಾಡಬಹುದು? ಮುಂಗಡ ತಗೊಂಡ ಮೇಲೆ ಕೊಡಲೇಬೇಕಾ?

ತೂಕದಕಲ್ಲು:

ಮೊದಲು ತೊಲದ ವಿಷಯ. ತೊಲ ಅಂದ್ರೆ 11.66 ಗ್ರಾಂ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಹೊಡೆದದ್ದೇ ಸರಿಯಾಗಿ ಒಂದು ತೊಲ ತೂಕಕ್ಕೆ. ಈಗ ಚಿನಿವಾರ ಪೇಟೆಯಲ್ಲಿ ಬಾಯಿಮಾತಿಗೆ 10 ಗ್ರಾಮನ್ನೇ ತೊಲ ಅಂತಾರೆ. ವಯಸ್ಸಾದವರ ತಲೆಯಲ್ಲಿರೋದು ಹಳೇ ತೊಲ, ರೂಪಾಯಿ ತೂಕದ್ದು. ಹಾಗಾಗಿ "114 ತೊಲ ಅಲ್ವಾ ಅಜ್ಜಯ್ಯ" ಅಂದ ಕೂಡಲೇ ಹೌದು ಅಂತಾರೆ. ಅಲ್ಲಿಂದ ಮುಂದೆ ವ್ಯಾಪಾರಿ ಹೊಸ ತೊಲಕ್ಕೆ ಜಾರ್ತಾನೆ. 114 × 11.66 ಅಂದ್ರೆ 1,329 ಗ್ರಾಂ. ತಕ್ಕಡಿ ಹೊರಗೆ ತೆಗೆಯೋ ಮುಂಚೆಯೇ 189 ಗ್ರಾಂ ಹೋಯ್ತು.

ಇನ್ನು ಟಂಚ್. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ರೂಪಾಯಿಗಳಲ್ಲಿ ನೂರಕ್ಕೆ 91.7 ಬೆಳ್ಳಿ. ಒಂದಕ್ಕೆ 10.69 ಗ್ರಾಂ ಶುದ್ಧ ಬೆಳ್ಳಿ ಸಿಗುತ್ತೆ. 1940ರಿಂದ ಯುದ್ಧದ ಕಾಲದಲ್ಲಿ ಅರ್ಧಕ್ಕರ್ಧ ಮಾಡಿದ್ರು: 50 ಬೆಳ್ಳಿ, 40 ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ಅದರಲ್ಲಿ ಒಂದಕ್ಕೆ 5.83 ಗ್ರಾಂ ಮಾತ್ರ. ಎರಡನ್ನೂ ಒಂದೇ ಗುಡ್ಡೆಗೆ ಹಾಕಿ "60 ಟಂಚ್" ಅನ್ನೋದೇ ಆಟ. ಬೇರೆ ಬೇರೆ ಮಾಡಿ ಲೆಕ್ಕ ಹಾಕಿ. 84ಕ್ಕೆ 898 ಗ್ರಾಂ, 30ಕ್ಕೆ 175 ಗ್ರಾಂ, ಒಟ್ಟು 1,073. ಅವರ ಲೆಕ್ಕದಲ್ಲಿ 1,140ರ ಅರವತ್ತು ಪಾಲು, 684. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಗ್ರಾಮಿಗೆ 100 ರೂಪಾಯಿ ಇಟ್ಟುಕೊಂಡ್ರೂ 38,900 ವ್ಯತ್ಯಾಸ. ನೀವು ಅವತ್ತಿನ ಪೇಟೆ ದರ ಹಾಕಿ ನೋಡಿ. ಸವೆದ ನಾಣ್ಯ 11.4, 11.5 ತೂಗಬಹುದು, ಆದ್ದರಿಂದ ಎಣಿಸಿ ಗುಣಿಸೋದಕ್ಕಿಂತ ತೂಗಿ ಗುಣಿಸೋದು ಸರಿ.

ಇಷ್ಟೆಲ್ಲ ಬೆಳ್ಳಿದಾಯ್ತು. ಒಂದು ಸವರನ್ 7.99 ಗ್ರಾಂ, 22 ಕ್ಯಾರೆಟ್, ಶುದ್ಧ ಬಂಗಾರ 7.32. ಎರಡಕ್ಕೆ 14.64 ಗ್ರಾಂ. ಬಂಗಾರ ಗ್ರಾಮಿಗೆ ಐದು ಸಾವಿರ ಇದ್ದ ಕಾಲದಲ್ಲೇ ಅವೆರಡಕ್ಕೇ 73,000 ಆಗ್ತಿತ್ತು. ಅವರು ಇಡೀ ಪೆಟ್ಟಿಗೆಗೆ ಹೇಳಿದ್ದು 60,000!

ಕಪ್ಪಾಗೋದಕ್ಕೂ ಟಂಚಿಗೂ ಸಂಬಂಧ ಇಲ್ಲ. ಗಾಳಿಯಲ್ಲಿರೋ ಗಂಧಕ ತಾಗಿ ಬೆಳ್ಳಿಯೇ ಕಪ್ಪಾಗೋದು. ನಮ್ಮ ಕಡೆ ಮಳೆಗಾಲದ ಥಂಡಿಗೆ, ಒಲೆ ಹೊಗೆಗೆ ಬೇಗ ಆಗುತ್ತೆ. ತಾಮ್ರ ಜಾಸ್ತಿ ಇದ್ರೆ ಹಸಿರು ಏಳುತ್ತೆ.

ಮನೆ ಪರೀಕ್ಷೆ ಹೇಳ್ತೀನಿ. ಬಂಗಾರ ತೂಗೋ ಚಿಕ್ಕ ಡಿಜಿಟಲ್ ತಕ್ಕಡಿ, 0.01 ಗ್ರಾಂ ತೋರಿಸೋದು ಬೇಕು. ಚಿಕ್ಕ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ಹೊಲಿಗೆ ದಾರ ಕಟ್ಟಿ, ಕೈಯಲ್ಲಿ ಹಿಡ್ಕೊಂಡು ನೀರಲ್ಲಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ಆಗ ತಕ್ಕಡಿ ತೋರಿಸೋ ಅಂಕಿ ನಾಣ್ಯ ಜರುಗಿಸಿದ ನೀರಿನ ತೂಕ. 91.7ರ ರೂಪಾಯಿ 1.13ರ ಆಸುಪಾಸು ತೋರಿಸಬೇಕು, 1940ರ ನಂತರದ್ದು 1.22ರ ಆಸುಪಾಸು, ಸವರನ್ 0.45. ಸವರನ್ ಗಾತ್ರದ ಹಿತ್ತಾಳೆ ಬಿಲ್ಲೆ ತೂಗೋದೇ ಸುಮಾರು ನಾಲ್ಕು ಗ್ರಾಂ, ಅದಕ್ಕೆ ನೀರೇ ಬೇಡ.

ತಪ್ಪೋದು ಎಲ್ಲಿ ಅಂದ್ರೆ ಗುಳ್ಳೆಯಲ್ಲಿ. ನಾಣ್ಯದ ಮೇಲೆ ಗಾಳಿ ಗುಳ್ಳೆ ಅಂಟಿದ್ರೆ ಅಂಕಿ ಜಾಸ್ತಿ ಬಂದು ಒಳ್ಳೇ ನಾಣ್ಯವೂ ಖೋಟಾ ಥರ ಕಾಣುತ್ತೆ. ಮೊದಲೇ ಒಂದ್ಸಲ ಅದ್ದಿ ತೆಗೆದು ಆಮೇಲೆ ಅಳೆಯಿರಿ. ಫ್ಯಾನ್ ಆರಿಸಿ.

ಕೆಳದಿ_ಕಾಸು:

ತೂಕದಕಲ್ಲು ಅವರು ಲೋಹದ ಲೆಕ್ಕ ಹೇಳಿದ್ರು. ಈ ಪೆಟ್ಟಿಗೆಯಲ್ಲಿ ಲೋಹಕ್ಕಿಂತ ಬೆಲೆ ಇರೋದು ಆ "ತಾಯತದ ಬಿಲ್ಲೆ"ಗೆ. ಜೋಡಿ ಕೂತಿರೋದು ಶಿವ ಪಾರ್ವತಿ ಆಗಿರಬೇಕು. ಇಕ್ಕೇರಿ ವರಹ ಅಂತ ಕರೀತಾರೆ, ಕೆಳದಿ ನಾಯಕರದ್ದು, ತೂಕ ಸುಮಾರು 3.4 ಗ್ರಾಂ. ತಿರುಗಿಸಿ ನೋಡಿ. ಹಿಂದೆ ಸಾಲು ಸಾಲಾಗಿ ನಾಗರಿಯಲ್ಲಿ "ಶ್ರೀ ಸದಾಶಿವ" ಅಂತ ಇದ್ರೆ ಕೆಳದಿಯದ್ದು. ಅಕ್ಷರದ ಸಾಲಿಲ್ಲದೆ, ರಾಗಿ ಚೆಲ್ಲಿದ ಹಾಗೆ ಚುಕ್ಕಿಗಳು, ನಡುವೆ ಕೊಕ್ಕೆಯಂಥ ಒಂದೇ ಒಂದು ಪರ್ಷಿಯನ್ ಅಕ್ಷರ ಇದ್ರೆ ಅದು ಹೈದರಾಲಿಯದ್ದು. 1763ರಲ್ಲಿ ಬಿದನೂರು, ಅಂದ್ರೆ ನಿಮ್ಮ ನಗರವೇ, ಅವನ ಕೈಗೆ ಹೋದ ಮೇಲೂ ಮುಂದಿನ ಚಿತ್ರ ಹಾಗೇ ಇಟ್ಟು ಹಿಂದೆ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿಸಿದ. ನೀರಿನ ಪರೀಕ್ಷೆಯಲ್ಲಿ 0.2ರ ಹತ್ತಿರ ಬರಬೇಕು. 0.4 ಬಂದ್ರೆ ಹಿತ್ತಾಳೆ. ವೀರರಾಯ ಹಣದಂಥ ಪುಟ್ಟ ಕಾಸಿಗೆ ಈ ಪರೀಕ್ಷೆ ಮಾಡಬೇಡಿ, ಅದು ಅರ್ಧ ಗ್ರಾಮೂ ಇರಲ್ಲ, ತಕ್ಕಡಿಯ ಸಣ್ಣ ತಪ್ಪೇ ಲೆಕ್ಕ ಕೆಡಿಸುತ್ತೆ.

ವರಹವನ್ನ ಬಿಲ್ಲೆ ಅನ್ನೋದು ಹಳೇ ವರಸೆ. ನಾಣ್ಯ ಅಂತ ಒಪ್ಪಿಕೊಂಡ್ರೆ ನಾಣ್ಯದ ದರ ಕೊಡಬೇಕಲ್ಲ. ಒಡವೆ ಚೂರು ಅಂದ್ರೆ ಬಂಗಾರದ ತೂಕ, ಅದರಲ್ಲೂ ಅರಗು, ಬೆಸುಗೆ ಅಂತ ಒಂದಷ್ಟು ಕಳೀತಾರೆ. ಕೊಂಡಿ ಇರೋ ಸವರನ್‌ಗೂ ಇದೇ ಮಾಡ್ತಾರೆ. ಕೊಂಡಿ ಸೇರಿ ಅದು 8.3, 8.4 ತೂಗಿದ್ರೆ "ಬೆಸುಗೆಗೆ ಒಂದು ಗ್ರಾಂ ತೆಗೀತೀನಿ" ಅಂತಾರೆ. ಒಂದು ಗ್ರಾಂ ಕಳೆದ್ರೆ ಸವರನ್ನಿನ ಸ್ವಂತ ತೂಕಕ್ಕೇ ಕೈ ಹಾಕಿದ ಹಾಗೆ, ಅದು 7.99ಕ್ಕಿಂತ ಕೆಳಗೆ ಯಾಕೆ ಇಳೀಬೇಕು? ಬೆಸೆದ ನಾಣ್ಯಕ್ಕೆ ಸಂಗ್ರಾಹಕರ ಬೆಲೆ ಕಡಿಮೆ ಅನ್ನೋದು ನಿಜ, ಬಂಗಾರದ ಬೆಲೆ ಕಡಿಮೆ ಆಗಲ್ಲ. ಇಸವಿ 1918 ಇದ್ದು, ಕುದುರೆ ಕೆಳಗಿನ ನೆಲದಲ್ಲಿ ಇಂಗ್ಲಿಷಿನ ಚಿಕ್ಕ "ಐ" ಅಕ್ಷರ ಇದೆಯಾ ನೋಡಿ. ಅದು ಬೊಂಬಾಯಿ ಟಂಕಸಾಲೆಯಲ್ಲಿ ಹೊಡೆದದ್ದು.

ಆನೆ ಕಾಸನ್ನ ತಾಮ್ರದ ಕೆಜಿ ಲೆಕ್ಕಕ್ಕೆ ಕೊಡಬೇಡಿ. ಹಿಂದೆ ಕನ್ನಡದಲ್ಲಿ "ಮಯಿಲಿ ಕಾಸು" ಅಂತ ಇದ್ರೆ ಮುಮ್ಮಡಿ ಕೃಷ್ಣರಾಜ ಒಡೆಯರದ್ದು. ಪರ್ಷಿಯನ್ ಬರಹ ಇದ್ರೆ ಟಿಪ್ಪುವಿನದ್ದು ಇರಬಹುದು, ಅದರಲ್ಲೂ ನಗರದಲ್ಲೇ ಹೊಡೆದವು ನಿಮ್ಮ ಸೀಮೆಯಲ್ಲಿ ಸಿಗೋದು ಸಹಜ. ಬಹುಪಾಲು ಸಾಧಾರಣ ಕಾಸುಗಳೇ. ಆದ್ರೆ ನೂರರಲ್ಲಿ ಎರಡು ಮೂರು ಬೇರೆ ಇರುತ್ತೆ, ವ್ಯಾಪಾರಿ ಇಡೀ ಸೇರು ಕೇಳೋದು ಆ ಎರಡು ಮೂರಕ್ಕೆ.

ಬೆಳ್ಳಿಯಲ್ಲೂ ಅಷ್ಟೇ. ಇಸವಿ ಬರೆದಿಟ್ಟುಕೊಳ್ಳಿ. 1862ರದ್ದು ತುಂಬಾ ಇದ್ರೆ ಹಿಗ್ಗಬೇಡಿ. ಅದೇ ಇಸವಿ ಇಟ್ಟುಕೊಂಡು ಹತ್ತು ಹನ್ನೆರಡು ವರ್ಷ ಹೊಡೆದಿದ್ದಾರೆ. 1917ರಿಂದ 1920ರವೂ ರಾಶಿ ರಾಶಿ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ ಅಮೆರಿಕದಿಂದ ತರಿಸಿ ಹೊಡೆದವು. 1911ರ ಐದನೇ ಜಾರ್ಜ್ ಬೇರೆ ಎತ್ತಿಡಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾಗಿ ಮರುವರ್ಷ ಅಚ್ಚು ಬದಲಾಯಿಸಿದ್ರು. 1939ರ ರೂಪಾಯಿ ನಿಜಕ್ಕೂ ಅಪರೂಪ. ಅದಕ್ಕೇ ಅದರ ಖೋಟಾ ಕೂಡ ಹೆಚ್ಚು, 1938ರ ಎಂಟನ್ನ ಕೆತ್ತಿ ಒಂಬತ್ತು ಮಾಡ್ತಾರೆ. ಹತ್ತು ಪಟ್ಟು ದೊಡ್ಡದು ತೋರಿಸೋ ಗಾಜಲ್ಲಿ ನೋಡಿದ್ರೆ ಕೊನೇ ಅಂಕಿಯ ಸುತ್ತ ಮಾತ್ರ ನೆಲ ಒರಟಾಗಿ ಕಾಣುತ್ತೆ.

ಅಡಿಕೆ_ಚೊಗರು:

1818ರ ರಾಮ ಪಟ್ಟಾಭಿಷೇಕ ಖೋಟಾ. ಈಸ್ಟ್ ಇಂಡಿಯಾ ಕಂಪನಿ ಹಂಗೊಂದು ತಾಮ್ರದ ನಾಣ್ಯ ಹೊಡೆಸೇ ಇಲ್ಲ. ರಾಮ, ಹನುಮಂತ, ಓಂ ಎಲ್ಲದರಲ್ಲೂ ಸಿಗುತ್ತೆ, ಕೆಲವಕ್ಕೆ 1616, 1717 ಅಂತಲೂ ಹಾಕಿರ್ತಾರೆ. ಜಾತ್ರೆಯಲ್ಲಿ ಮಾರೋ ಪೂಜೆ ಬಿಲ್ಲೆ. "ಅಕ್ಕಿ ಎಳೆಯುತ್ತೆ" ಅಂತ ಲಕ್ಷಗಟ್ಟಲೆಗೆ ತಲೆಗೆ ಕಟ್ಟೋದೂ ಇಂಥದ್ದನ್ನೇ. ತಾಮ್ರ ಯಾವ ಕಾಲಕ್ಕೂ ಅಕ್ಕಿ ಎಳೆಯಲ್ಲ ಮಾರಾಯ್ರೆ. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಬಿಲ್ಲೆ ಅಡಿಗೆ ಅಯಸ್ಕಾಂತ ಇಟ್ಟಿರ್ತಾರೆ. ನಿಮ್ಮನೆ ಡಬ್ಬಿಯ ಅಕ್ಕಿ ಕೊಟ್ಟು ತೋರಿಸಿ ಅನ್ನಿ, ಆಗ "ಇವತ್ತು ಅಮಾವಾಸ್ಯೆ ಅಲ್ಲ" ಅಂತಾರೆ.

ದೊಡ್ಡಪ್ಪನ ಫೋನೂ ಒಂದ್ಸಲ ನೋಡಿಬಿಡಿ. ಒಮ್ಮೆ ಕೊಂಡವರ ನಂಬರ್ ಕೈಯಿಂದ ಕೈಗೆ ಹೋಗಿರುತ್ತೆ. ಟ್ರ್ಯಾಕ್ಟರ್ ಇರೋ 5 ರೂಪಾಯಿ ನೋಟು, 786 ನಂಬರಿನ ನೋಟು, ವೈಷ್ಣೋದೇವಿ ನಾಣ್ಯ, ಘೇಂಡಾಮೃಗದ 25 ಪೈಸೆ, ಇವಕ್ಕೆ ಲಕ್ಷ ಕೊಡ್ತೀವಿ ಅನ್ನೋ ಜಾಹೀರಾತುಗಳು. ಮೊದಲು ನೋಂದಣಿ ಶುಲ್ಕ ಅಂತ ನೂರೋ ಇನ್ನೂರೋ ಕೇಳ್ತಾರೆ, ಆಮೇಲೆ ಜಿಎಸ್‌ಟಿ, ಆಮೇಲೆ "ರಿಸರ್ವ್ ಬ್ಯಾಂಕ್ ಅನುಮತಿ ಪತ್ರ". ಪ್ರತಿ ಸಲ ಕೇಳೋ ಮೊತ್ತ ಹಿಂದಿನದಕ್ಕಿಂತ ದೊಡ್ಡದು, ಹೋಗಿದ್ದು ವಾಪಸ್ ಬರಲಿ ಅಂತ ಹಿರಿಯರು ಕಟ್ತಾ ಹೋಗ್ತಾರೆ. ಹಳೇ ನೋಟು ನಾಣ್ಯದ ವ್ಯವಹಾರಕ್ಕೆ ತಾನು ಯಾರಿಗೂ ಅಧಿಕಾರ ಕೊಟ್ಟಿಲ್ಲ, ಕಮಿಷನ್ ಕೇಳಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಣೆ ಕೊಟ್ಟಿದೆ. ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ಕಡೆ ಖಾತೆಯಿಂದ ದುಡ್ಡು ತೆಗೆಯೋ ಮುಂಚೆ ತಡೆಹಿಡಿದ್ರೆ ಮಾತ್ರ ಉಳಿಯುತ್ತೆ.

ಇನ್ನೊಂದು ಜಾತಿ ಇದೆ, "ಪಾಯ ತೋಡುವಾಗ ಹಂಡೆ ಸಿಕ್ತು" ಅಂತ ಬರೋರು. ಶಿವಮೊಗ್ಗ, ದಾವಣಗೆರೆ ಕಡೆ ಪೇಪರಲ್ಲಿ ಆಗಾಗ ಓದಿರ್ತೀರಿ. ಪರೀಕ್ಷೆಗೆ ಅಂತ ಕೊಡೋ ಒಂದೆರಡು ಬಿಲ್ಲೆ ಅಸಲಿ ಬಂಗಾರವೇ ಇರುತ್ತೆ. ಆಮೇಲೆ ಕೆಜಿಗಟ್ಟಲೆ ಕೊಡೋದು ಪೂರ್ತಿ ಹಿತ್ತಾಳೆ.

ಹುಲಿಕಲ್_ಮಳೆ:

ತಕ್ಕಡಿ ತಂದು 84ನ್ನೂ ನೋಡಿದ್ವಿ. 81 ನಾಣ್ಯ 1.12ರಿಂದ 1.14ರೊಳಗೆ ಬಂತು. ಮೂರು ಮಾತ್ರ 1.35, 1.36. ಮೂರೂ 1840ರ ವಿಕ್ಟೋರಿಯಾ, ಒಂದೇ ಥರ ಹೊಳಪು, ಉಳಿದವಷ್ಟು ಕಪ್ಪಾಗಿಲ್ಲ. ಬಿಲ್ಲೆ 3.38 ಗ್ರಾಂ, ನೀರಲ್ಲಿ 0.19. ಹಿಂದೆ ನಾಗರಿ ಮೂರು ಸಾಲು ಇದೆ.

ಈ ಮೂರು ನಾಣ್ಯ ಪೆಟ್ಟಿಗೆಗೆ ಹೇಗೆ ಬಂತು? ಮಾತಾಡಿಕೊಂಡು ನೋಡುವಾಗ ಅವರೇ ಬದಲಾಯಿಸಿರಬಹುದಾ?

ತೂಕದಕಲ್ಲು:

11.66ನ್ನ 1.36ರಿಂದ ಭಾಗಿಸಿದ್ರೆ 8.6ರ ಆಸುಪಾಸು, ಅಂದ್ರೆ ನೀರಿಗಿಂತ ಅಷ್ಟು ಪಟ್ಟು ಭಾರ. ಹಿತ್ತಾಳೆ, ಮೇಲೆ ಬೆಳ್ಳಿ ನೀರು ಕುಡಿಸಿದ್ದು. ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಗುಳಿ ಇದ್ರೆ ಒಂದೇ ಅಚ್ಚಲ್ಲಿ ಎರಕ ಹೊಯ್ದದ್ದು. ಅಂಚಿನ ಹಲ್ಲುಗಳ ನಡುವೆ ಅಚ್ಚಿನ ಎರಡು ಹೋಳು ಸೇರಿದ ಗೆರೆಯೂ ಕಾಣಬಹುದು. ಟಂಕಸಾಲೆಯಲ್ಲಿ ಹೊಡೆದ ನಾಣ್ಯದ ಅಂಚಲ್ಲಿ ಆ ಗೆರೆ ಬರೋಕೆ ಸಾಧ್ಯವಿಲ್ಲ.

ಯಾರು ಹಾಕಿದ್ದು ಅಂತ ಇಲ್ಲಿಂದ ಹೇಳೋಕಾಗಲ್ಲ, ಹಿಂದೆ ಯಾವಾಗಲೋ ಸೇರಿರಬಹುದು. ಆದ್ರೆ ಬದಲಾಯಿಸೋ ರೀತಿ ಹೇಗೆ ಅಂದ್ರೆ, ವ್ಯಾಪಾರಿ ತನ್ನದೇ ಬಟ್ಟೆ ಹಾಸಿ ಅದರ ಮೇಲೆ ಸುರಿಸ್ಕೋತಾನೆ. ಒಬ್ಬ ಎಣಿಸ್ತಾ ಇರ್ತಾನೆ, ಇನ್ನೊಬ್ಬ ನೀರು ಕೇಳ್ತಾನೆ. ದೊಡ್ಡಮ್ಮ ಒಳಗೆ ಹೋದ ಕ್ಷಣಕ್ಕೆ ಮಡಿಕೆಯಲ್ಲಿ ನಾಲ್ಕು ಒಳಗೆ, ನಾಲ್ಕು ಹೊರಗೆ. ಎಣಿಕೆ ಸರಿಯಾಗೇ ಇರುತ್ತೆ, ಆದ್ದರಿಂದ ಯಾರಿಗೂ ಅನುಮಾನ ಬರಲ್ಲ. ನಿಮ್ಮ ಮನೆಯ ಸ್ಟೀಲ್ ತಟ್ಟೆಯಲ್ಲೇ ತೋರಿಸಿ, ಒಂದು ಸಲಕ್ಕೆ ಹತ್ತೇ ನಾಣ್ಯ. ಹತ್ತು ವಾಪಸ್ ಬಂದು, ತೂಗಿ, ಒಳಗೆ ಹೋದ ಮೇಲೆ ಮುಂದಿನ ಹತ್ತು. ಮೊದಲೇ ಎರಡೂ ಮುಖದ ಫೋಟೋ ತೆಗೆದಿಡಿ.

ಅವರ ತಕ್ಕಡಿ ಮೇಲೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇದೆಯಾ ಕೇಳಿ. ಇಲ್ಲ ಅಂದ್ರೂ ಅದನ್ನ ಹಿಡಿಯೋ ದಾರಿ ಸುಲಭ. ಈಗಿನ 10 ರೂಪಾಯಿ ನಾಣ್ಯ ಹತ್ತು ಇಡಿ, 77 ಗ್ರಾಮಿನ ಆಸುಪಾಸು ಬರಬೇಕು. 70 ಬಂದ್ರೆ ಟೀ ಕುಡಿಸಿ ಕಳಿಸಿ.

ಚಿನಿವಾರ_ಬೀದಿ:

ಒಂದು ಮಾತು. ಕೊಳ್ಳೋರೆಲ್ಲ ಕಳ್ಳರಲ್ಲ. ಅಂಗಡಿ ಇಟ್ಟವರು ಕರಗಿಸೋ ಖರ್ಚು, ತಮ್ಮ ಲಾಭ ಅಂತ ಲೋಹದ ದರಕ್ಕಿಂತ ನೂರಕ್ಕೆ ಐದಾರು ಕಡಿಮೆ ಹೇಳಿದ್ರೆ ಅದು ವ್ಯಾಪಾರ, ಮೋಸ ಅಲ್ಲ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ಒಂದೇ ನಾಣ್ಯ ಮೂರು ಅಂಗಡಿಗೆ ತೋರಿಸಿ. ದರ ಕೇಳೋ ಮುಂಚೆ "ಎಷ್ಟು ಟಂಚ್" ಅಂತ ಕೇಳಿ. 91ರ ಹತ್ತಿರ ಹೇಳಿದವರ ಜೊತೆ ಮಾತು ಮುಂದುವರಿಸಿ. ಮೆಷಿನ್ನಲ್ಲಿ ನೋಡಿ ಹೇಳಿದ್ರೂ ನಿಮ್ಮ ನೀರಿನ ಲೆಕ್ಕ ಕೈಯಲ್ಲಿರಲಿ, ಯಾಕಂದ್ರೆ ಆ ಮೆಷಿನ್ ಓದೋದು ಮೇಲಿನ ಪದರ ಮಾತ್ರ. ದಪ್ಪಗೆ ಬೆಳ್ಳಿ ನೀರು ಕುಡಿಸಿದ್ದನ್ನೂ ಬೆಳ್ಳಿ ಅಂತಲೇ ತೋರಿಸುತ್ತೆ.

ವರಹವನ್ನ ಬಂಗಾರದಂಗಡಿಗೆ ಒಯ್ಯಲೇಬೇಡಿ, ಒರೆಗಲ್ಲಿಗೆ ತಿಕ್ಕಿಬಿಡ್ತಾರೆ. ಶಿವಪ್ಪ ನಾಯಕ ಅರಮನೆ ಮ್ಯೂಸಿಯಂನಲ್ಲೋ ಕೆಳದಿ ಮ್ಯೂಸಿಯಂನಲ್ಲೋ ತಿಳಿದವರಿಗೆ ಫೋಟೋ ತೋರಿಸಿ. ಅವರು ಬೆಲೆ ಕಟ್ಟಲ್ಲ, ಯಾವುದು ಅಂತ ಹೇಳಬಹುದು. ಮಾರೋದಾದ್ರೆ ಬೆಂಗಳೂರಿನ ನಾಣ್ಯ ಹರಾಜು ಸಂಸ್ಥೆಗಳ ಹಳೇ ಹರಾಜಿನ ಬೆಲೆ ನೋಡಿ, ಕಮಿಷನ್ ಎಷ್ಟು ಅಂತ ಬರವಣಿಗೆಯಲ್ಲಿ ತಗೊಳ್ಳಿ.

ಕಚೇರಿ_ಗುಮಾಸ್ತ:

ಮುಂಗಡದ ಪ್ರಶ್ನೆಗೆ. ಸುಳ್ಳು ಹೇಳಿ ಒಪ್ಪಿಸಿದ ಕರಾರನ್ನು, ಮೋಸ ಹೋದವರು ರದ್ದು ಮಾಡಬಹುದು. 1872ರ ಕರಾರು ಕಾಯ್ದೆಯ 17 ಮತ್ತು 19ನೇ ಕಲಂ ಹೇಳುವುದು ಅದನ್ನೇ. ತೊಲದ ತೂಕ, ಟಂಚು, "ನಾಣ್ಯವಲ್ಲ" ಎಂಬ ಮಾತು ಮೂರೂ ಸುಳ್ಳು ಎಂದು ತೋರಿಸಲು ನಿಮ್ಮ ಬಳಿ ಈಗ ಲೆಕ್ಕವಿದೆ. 2,000 ರೂಪಾಯಿಯನ್ನು ಇಬ್ಬರ ಎದುರು ಹಿಂದಿರುಗಿಸಿ, ಇಲ್ಲವೇ ಫೋನಿನಲ್ಲೇ ಕಳುಹಿಸಿ, "ವ್ಯವಹಾರ ಬೇಡ, ಮುಂಗಡ ವಾಪಸ್" ಎಂದು ಸಂದೇಶ ಹಾಕಿ. ಅವರು ನಂಬರನ್ನೇ ಕೊಡದಿದ್ದರೆ ಅದೂ ಒಂದು ಉತ್ತರವೇ.

ನಿಧಿ ಎಂದು ಹೆದರಿಸಿದ್ದಕ್ಕೆ ಅಂಜಬೇಡಿ. ನಿಧಿ ಕಾಯ್ದೆ ಇರುವುದು ಮಣ್ಣಿನಲ್ಲಿ ಹುದುಗಿದ್ದು ಸಿಕ್ಕಿದ್ದಕ್ಕೆ, ತಾತನ ಕಾಲದಿಂದ ಪೆಟ್ಟಿಗೆಯಲ್ಲಿ ಇದ್ದದ್ದಕ್ಕಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ, ಆದ್ದರಿಂದ ದೇಶದ ಹೊರಗೆ ಕಳುಹಿಸುವಂತಿಲ್ಲ. ವಿದೇಶದಲ್ಲಿ ಗಿರಾಕಿ ಇದ್ದಾನೆ ಎನ್ನುವವನನ್ನು ಹತ್ತಿರ ಸೇರಿಸಬೇಡಿ.

ದೂರಿನ ವಿಷಯದಲ್ಲಿ ಅನೇಕರು ತಪ್ಪು ಮಾಡುತ್ತಾರೆ. ದೊಡ್ಡಪ್ಪ ಕೊಂಡದ್ದಕ್ಕೆ, ಅಂದರೆ 4,500ರ ಬಿಲ್ಲೆಗೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅವಧಿ ಎರಡು ವರ್ಷ, 5 ಲಕ್ಷದವರೆಗೆ ಶುಲ್ಕವಿಲ್ಲ. ಆದರೆ ಮಾರಿದ್ದಕ್ಕೆ ಅಲ್ಲಿ ಜಾಗವಿಲ್ಲ, ಏಕೆಂದರೆ ಮಾರಿದವನು ಗ್ರಾಹಕನಲ್ಲ. ಅದು ಪೊಲೀಸ್ ಠಾಣೆಗೆ ಹೋಗಬೇಕು, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ವಂಚನೆ. ಬೈಕ್ ನಂಬರ್, ಫೋನ್ ನಂಬರ್, ನಾಣ್ಯಗಳ ಪಟ್ಟಿ, ಫೋಟೋ ಇದ್ದರೆ ದೂರು ನಿಲ್ಲುತ್ತದೆ. ಹಿರಿಯರು ಒಬ್ಬರೇ ಇದ್ದಾಗ ಸಲಹೆ ಕೇಳಲು ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಮಾರುವಾಗ ಚೀಟಿ ಬರೆಸಿಕೊಳ್ಳಿ: ಎಷ್ಟು ನಾಣ್ಯ, ಎಷ್ಟು ಗ್ರಾಂ, ಎಷ್ಟು ಟಂಚ್, ಆ ದಿನದ ದರ. ಹಣ ಬ್ಯಾಂಕ್ ಖಾತೆಗೇ ಬರಲಿ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಆದಾಯ ತೆರಿಗೆಯವರ ದಂಡ ಬೀಳುವುದು ಪಡೆದವರಿಗೆ, ಅಂದರೆ ದೊಡ್ಡಪ್ಪನಿಗೆ.

ಹುಲಿಕಲ್_ಮಳೆ:

ಮುಂಗಡ ಫೋನಲ್ಲೇ ವಾಪಸ್ ಹಾಕಿದ್ವಿ. ಭಾನುವಾರ ನಾನೂ ಮನೇಲಿರ್ತೀನಿ. ಕೊನೇ ಪ್ರಶ್ನೆ: ಅಂಗಡಿಗೆ ತೋರಿಸೋ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳ್ಳಗೆ ಮಾಡ್ಲಾ ಅಂತ ದೊಡ್ಡಮ್ಮ ಕೇಳ್ತಿದ್ದಾರೆ.

ಕೆಳದಿ_ಕಾಸು:

ಬೇಡ ಅಂತ ಹೇಳಿ, ಈಗಲೇ! ಹುಣಸೆಹುಳಿ ಮೇಲಿನ ಪದರ ತಿನ್ನುತ್ತೆ, ತಿಕ್ಕಿದ್ರೆ ಸಣ್ಣ ಗೀರುಗಳು ಬೀಳುತ್ತೆ, ಅದು ಮತ್ತೆ ಹೋಗಲ್ಲ. ಕರಗಿಸೋ ನಾಣ್ಯಕ್ಕೆ ತೊಂದರೆ ಇಲ್ಲ, 1911ರಂಥದ್ದಕ್ಕೆ ಸಂಗ್ರಾಹಕರ ಬೆಲೆಯೇ ಬಿದ್ದು ಹೋಗುತ್ತೆ. ಮಣ್ಣಿದ್ರೆ ಬರೀ ನೀರಲ್ಲಿ ಅದ್ದಿ, ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೀರಿ, ಉಜ್ಜಬೇಡಿ. ಆ ಮೂರು ಖೋಟಾ ಬೇರೆ ಲಕೋಟೆಯಲ್ಲಿ, ಮೇಲೆ "ಹಿತ್ತಾಳೆ, 1.36" ಅಂತ ಬರೆದಿಡಿ. ಇಲ್ಲಾಂದ್ರೆ ದೀಪಾವಳಿ ಲಕ್ಷ್ಮೀಪೂಜೆಗೆ ತೆಗೆದಾಗ ಮತ್ತೆ ಉಳಿದ 81ರ ಜೊತೆ ಸೇರಿಹೋಗುತ್ತೆ.